ಕಿತ್ತೂರಿನ ಕಥೆ, ಶಿಕಾಗೋದ ಕೆಲಸ

ಪ್ರಶ್ನೆ: ನಮ್ಮ ಊರು ಜಮಖಂಡಿ. ಬೆಳಗಾವಿಯ ಒಂದು ಪದವಿ ಕಾಲೇಜಿನಲ್ಲಿ 4 ವರ್ಷದಿಂದ ಇಂಗ್ಲಿಷ್ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕನ್ನಡದಲ್ಲಿ ಕವಿತೆ ಬರೆಯುತ್ತೇನೆ, ಆಗೊಂದು ಈಗೊಂದು ಪತ್ರಿಕೆಯಲ್ಲಿ ಬಂದಿವೆ. ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ.ಗೆ ಸೀಟು ಸಿಕ್ಕಿದೆ. ಇಂಗ್ಲಿಷ್ ಕಾದಂಬರಿಗಳಲ್ಲಿ ವಲಸೆ ಅನ್ನುವುದು ನನ್ನ ವಿಷಯ. ಆಗಸ್ಟಿನಲ್ಲಿ ಹೊರಡಬೇಕು. ಹೋದರೆ ಕವಿತೆ ಒಣಗಿ ಹೋಗುತ್ತದೆ ಅಂತ ಗೆಳತಿಯರು ಹೆದರಿಸುತ್ತಿದ್ದಾರೆ. ಕವಿ ಎ.ಕೆ. ರಾಮಾನುಜನ್ ಕೂಡ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರಂತೆ. ಅಷ್ಟು ದೂರ ಹೋದ ಮೇಲೂ ಅವರಿಗೆ ಕನ್ನಡ ಹೇಗೆ ಉಳಿಯಿತು? ಪ್ರೊಫೆಸರ್ ಕೆಲಸ ಅವರೊಳಗಿನ ಕವಿಯನ್ನು ತಿಂದುಹಾಕಲಿಲ್ಲವೇ? ನಾನು ಹೋಗಲೋ, ಬೇಡವೋ?

ಉತ್ತರ: ಹೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಯ ತನಕ ನೀವು ಅದೊಂದು ಮಾತನ್ನೇ ಹುಡುಕುತ್ತಾ ಓದುತ್ತೀರಿ. ಆದರೆ ಆಗಸ್ಟಿಗೆ ಇನ್ನೂ ದಿನ ಇದೆ ಅಲ್ವಾ? ಆ ದಿನಗಳಲ್ಲಿ ಏನು ಮಾಡುತ್ತೀರಿ ಅನ್ನುವುದು ನನ್ನ ಮಟ್ಟಿಗೆ ಹೋಗುವುದಕ್ಕಿಂತ ದೊಡ್ಡ ಪ್ರಶ್ನೆ. ಅದನ್ನು ರಾಮಾನುಜನ್ ಅವರ ಬದುಕಿನಿಂದಲೇ ಹೇಳುತ್ತೇನೆ.

ನಾನು ಬೆಳಗಾವಿಯಲ್ಲೇ 30 ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ರಾಮಾನುಜನ್ ಅವರ ಪದ್ಯಗಳನ್ನು ಪ್ರತಿ ವರ್ಷ ತರಗತಿಯಲ್ಲಿ ಓದಿಸಿದ್ದೇನೆ. ಅವರ ಬಗ್ಗೆ ಜನ ಹೇಳುವ ಕಥೆ ಒಂದೇ ಥರ ಇರುತ್ತದೆ. ಮೈಸೂರಿನಲ್ಲಿ ಹುಟ್ಟಿದರು, ಅಮೆರಿಕಕ್ಕೆ ಹೋದರು, ಶಿಕಾಗೋದಲ್ಲಿ ಪ್ರೊಫೆಸರ್ ಆದರು, ಹೆಸರು ಮಾಡಿದರು. ನಡುವಿನ ಸುಮಾರು 10 ವರ್ಷವನ್ನು ಎಲ್ಲರೂ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನಿಮಗೆ ಬೇಕಾದ ಉತ್ತರ ಇರುವುದು ಆ 10 ವರ್ಷದಲ್ಲಿ.

ಅವರು ಹುಟ್ಟಿದ್ದು 1929ರಲ್ಲಿ. ಅಯ್ಯಂಗಾರ್ ಮನೆತನ, ಮನೆಯಲ್ಲಿ ತಮಿಳು. ತಂದೆ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷ್, ಕೆಳಗೆ ಅಮ್ಮನ ಅಡುಗೆಮನೆಯಲ್ಲಿ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ 1950ರಲ್ಲಿ ಕೆಲಸಕ್ಕೆ ಹೊರಟರು. ಮೊದಲು ಕೇರಳದ ಕೊಲ್ಲಂ, ಆಮೇಲೆ ಮಧುರೈ, ಆಮೇಲೆ ನಮ್ಮ ಬೆಳಗಾವಿಯ ಲಿಂಗರಾಜ ಕಾಲೇಜು. 1957ರಲ್ಲಿ ಬರೋಡಾ. ಈ ಪಟ್ಟಿಯಲ್ಲಿ ಜಾಸ್ತಿ ದಿನ ನಿಂತದ್ದು ಬೆಳಗಾವಿಯಲ್ಲೇ.

ಆಗ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಏಕೀಕರಣ ಆದದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಆ ಮೈಸೂರಿನ ಹುಡುಗ ಬೇರೆ ರಾಜ್ಯಕ್ಕೇ ಬಂದ ಹಾಗಿತ್ತು. ಕೇಳಿ ಬೆಳೆದ ಕನ್ನಡ ಒಂದು, ಇಲ್ಲಿ ಬಜಾರಿನಲ್ಲಿ ಕಿವಿಗೆ ಬೀಳುವ ಕನ್ನಡ ಇನ್ನೊಂದು. ಪಕ್ಕದಲ್ಲೇ ಮರಾಠಿ, ಉರ್ದು, ಕೊಂಕಣಿ. ಮಾತಿನ ಬಗ್ಗೆ ಕುತೂಹಲ ಇರುವವನಿಗೆ ಇದಕ್ಕಿಂತ ಒಳ್ಳೆ ಊರು ಬೇಕೇ? ಮುಂದೆ ಅವರು ಭಾಷಾವಿಜ್ಞಾನಿ ಆದದ್ದು ನನಗೆ ಆಶ್ಚರ್ಯದ ಸಂಗತಿ ಅಲ್ಲ.

ತರಗತಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ಗಾದೆ, ಒಗಟು, ಕಥೆ ಕೂಡಿಸುತ್ತಿದ್ದರು. 1955ರಲ್ಲಿ ಅವರ ಕನ್ನಡ ಗಾದೆಗಳ ಚಿಕ್ಕ ಪುಸ್ತಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಂತು. ಗಮನಿಸಿ, ಇಷ್ಟು ದೊಡ್ಡ ಕವಿಯ ಹೆಸರಿನಲ್ಲಿ ಮೊದಲು ಅಚ್ಚಾದದ್ದು ಕವನ ಸಂಕಲನ ಅಲ್ಲ. ಜನರ ಬಾಯಿಂದ ಬರೆದುಕೊಂಡ ಗಾದೆಗಳು.

ಅದೇ 1955ರಲ್ಲಿ ಕಿತ್ತೂರಿನಲ್ಲಿ ಒಬ್ಬ ಹೆಣ್ಣುಮಗಳಿಂದ ಅವರು ಒಂದು ಕಥೆ ಕೇಳಿ ಬರೆದುಕೊಂಡರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳದು ಬಂಗಾರದ ಕೂದಲು. ಅಣ್ಣ ಒಂದು ದಿನ ಆ ಕೂದಲು ನೋಡಿ ತಂಗಿಯನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿಯುತ್ತಾನೆ. ತಾಯಿ ಏನು ಮಾಡಬೇಕು? ಮಗಳಿಗೆ ಮಣ್ಣಿನ ಮುಸುಕೊಂದನ್ನು ಮಾಡಿಸಿ ಹಾಕುತ್ತಾಳೆ, ಎಲ್ಲಾದರೂ ಹೋಗಿ ಬದುಕಿಕೋ ಅಂತ ಮನೆಯಿಂದ ಕಳಿಸುತ್ತಾಳೆ. ಹುಡುಗಿ ಸಾಹುಕಾರರ ಮನೆಯೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಮುಖ ಹಂಚಿನ ಹಾಗಿದೆ ಅಂತ ಎಲ್ಲರೂ ಅವಳನ್ನು ಹಂಚಿ ಅಂತ ಕರೆಯುತ್ತಾರೆ. ಯಾರೂ ಇಲ್ಲದಾಗ ಮುಸುಕು ತೆಗೆದು ತಲೆ ತೊಳೆದುಕೊಳ್ಳುತ್ತಾಳೆ. ಆ ಮನೆಯ ಕಿರಿಯ ಮಗ ಅದನ್ನು ನೋಡಿಬಿಡುತ್ತಾನೆ. ಮದುವೆಯಾಗುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಮನೆಗೆ ಬರುವ ಒಬ್ಬ ಗುರು ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಬಗ್ಗದಿದ್ದಾಗ ಅವಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಲ್ಲಿ ಹಾಕಿ ಹೊಳೆಗೆ ಬಿಡುವ ತನಕ ಹೋಗುತ್ತದೆ. ಅವಳು ಬದುಕುತ್ತಾಳೆ. ಕೊನೆಗೆ ಗಂಡ ಅವಳನ್ನು ಗುರುತು ಹಿಡಿಯುವುದು ಅವಳ ಕೈಯ ಸಿಹಿ ಅಡುಗೆಯ ರುಚಿಯಿಂದ.

ನಮ್ಮ ಕಡೆಯವರಿಗೆ ಇದನ್ನು ಕೇಳಿದರೆ ಬೇರೆಯೇ ಒಂದು ರುಚಿ ಸಿಗುತ್ತದೆ. ನಮಗೆ ಹಂಚು ಅಂದರೆ ಮಾಳಿಗೆಯ ಹಂಚು ಅಷ್ಟೇ ಅಲ್ಲ. ರೊಟ್ಟಿ ಬೇಯಿಸುವುದೂ ಹಂಚಿನ ಮೇಲೆಯೇ. ದಿನಾ ಒಲೆಯ ಮೇಲೆ ಕೂತು ಕಪ್ಪಾಗುವ ವಸ್ತು ಅದು. ಕೆಲಸದವಳಿಗೆ ಆ ಹೆಸರು ಯಾಕೆ ಬಂತು ಅಂತ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಈಗ ವರ್ಷ ಲೆಕ್ಕ ಹಾಕಿ. ಕಿತ್ತೂರಿನಲ್ಲಿ ಬರೆದುಕೊಂಡದ್ದು 1955. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು ಸಿಂಡ್ರೆಲ್ಲಾ ಕಥೆಗಳ ಬಗ್ಗೆ ತಂದ ಸಂಪುಟದಲ್ಲಿ ಅದು ಕನ್ನಡದ ಸಿಂಡ್ರೆಲ್ಲಾ ಅಂತ ಅಚ್ಚಾದದ್ದು 1982. ನಡುವೆ 27 ವರ್ಷ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಬಸ್ಸು ನಿಲ್ಲುವ ಊರಿನಲ್ಲಿ ಕೇಳಿದ ಕಥೆ 27 ವರ್ಷ ಅವರ ಜೊತೆಗೇ ಇತ್ತು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಬೆಳಗಾವಿಯ ವರ್ಷಗಳು ಮುಂದಿನ ದೊಡ್ಡ ಕೆಲಸಕ್ಕೆ ತಯಾರಿ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ದೊಡ್ಡ ಕೆಲಸ ಶುರುವಾದದ್ದೇ ಇಲ್ಲಿ. ಶಿಕಾಗೋದಲ್ಲಿ ಅದನ್ನು ಬಿಚ್ಚಿ ನೋಡಲು ಅವರಿಗೆ ಹೊತ್ತು, ಸಂಬಳ, ಗ್ರಂಥಾಲಯ ಸಿಕ್ಕವು.

ಅಮೆರಿಕಕ್ಕೆ ಹೋದ ಬಗೆಯನ್ನೂ ನೋಡಿ. 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತರು. 1959ರಲ್ಲಿ ಫುಲ್‌ಬ್ರೈಟ್ ಅನ್ನುವ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರಿಗೆ 30 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು ಇರಬೇಕು. ಜಾನಪದ ಅಧ್ಯಯನಕ್ಕೆ ಆ ವಿಶ್ವವಿದ್ಯಾಲಯ ಆಗಲೇ ಹೆಸರಾಗಿತ್ತು. 1963ರಲ್ಲಿ ಅಲ್ಲಿ ಪಿಎಚ್‌.ಡಿ. ಆಯಿತು. ವಿಷಯ ಏನು ಗೊತ್ತಾ? ಕನ್ನಡದ ವ್ಯಾಕರಣ. ಸುಮಾರು 10 ವರ್ಷ ಇಂಗ್ಲಿಷ್ ಸಾಹಿತ್ಯ ಕಲಿಸಿದ ಮನುಷ್ಯ ಅಮೆರಿಕಕ್ಕೆ ಹೋಗಿ ಬರೆದದ್ದು ಕನ್ನಡದ ಬಗ್ಗೆ.

ಇದಕ್ಕೆ ಕಾಲವೂ ಕೂಡಿಬಂತು, ಅದನ್ನು ಮುಚ್ಚಿಡಬಾರದು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕಕ್ಕೆ ದಿಗಿಲಾಯಿತು. 1958ರಲ್ಲಿ ಒಂದು ಕಾಯ್ದೆ ತಂದು ಬೇರೆ ದೇಶಗಳ ಭಾಷೆ ಕಲಿಸಲು ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟಿತು. ಹಿಂದಿ, ತಮಿಳು, ಬಂಗಾಳಿ ಕಲಿಸುವವರು ಬೇಕಾದರು. ನಮ್ಮ ಹಿರಿಯರು ಪಿ.ಎಲ್. 480 ಗೋಧಿಯನ್ನು ಇನ್ನೂ ನೆನೆಯುತ್ತಾರಲ್ಲ, ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ 1962ರ ಹೊತ್ತಿಗೆ ಭಾರತೀಯ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸುವುದು ಶುರುವಾಯಿತು. ನಾವು ಇಲ್ಲಿ ಆ ಗೋಧಿಯ ಚಪಾತಿ ತಿನ್ನುತ್ತಿದ್ದಾಗ ಅಲ್ಲಿಗೆ ನಮ್ಮ ಪುಸ್ತಕಗಳು ಹೋಗುತ್ತಿದ್ದವು. ಅಂಥ ಹೊತ್ತಿನಲ್ಲಿ, 1962ರಲ್ಲಿ, ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತರು. ಕವಿ ಅಂತ ಅಲ್ಲ, ತಮಿಳು ಮತ್ತು ದ್ರಾವಿಡ ಭಾಷೆಗಳನ್ನು ಕಲಿಸುವವರು ಅಂತ. 1968ರಲ್ಲಿ ಪೂರ್ಣ ಪ್ರೊಫೆಸರ್. ಕೊನೆಯ ತನಕ ಅಲ್ಲೇ.

ಸಂಬಳ ಕೊಟ್ಟದ್ದು ಭಾಷೆಯ ಪಾಠ, ಕವಿತೆ ಅಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೆಲಸ ಕವಿತೆಯ ಬಾಯಿಂದ ತುತ್ತು ಕಸಿಯಲಿಲ್ಲ, ಯಾಕೆಂದರೆ ದಿನಾ ಕೈಯಲ್ಲಿ ಹಿಡಿಯುತ್ತಿದ್ದ ವಸ್ತು ಎರಡಕ್ಕೂ ಒಂದೇ ಆಗಿತ್ತು. ಬೆಳಿಗ್ಗೆ ತರಗತಿಯಲ್ಲಿ ಒಂದು ಪದದ ಧಾತು ಬಿಡಿಸುವುದು, ಸಂಜೆ ಅದೇ ಪದವನ್ನು ಪದ್ಯದಲ್ಲಿ ಕೂಡಿಸಿ ನೋಡುವುದು. ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ತನಗೆ ಹೊರಗಿನ ರೂಪ ಕೊಟ್ಟವು, ಭಾರತದಲ್ಲಿ ಕಳೆದ ಮೊದಲ 30 ವರ್ಷ, ಕನ್ನಡ, ತಮಿಳು, ಜಾನಪದ ಒಳಗಿನ ಹೂರಣ ಕೊಟ್ಟವು, ಎರಡನ್ನೂ ಬೇರೆ ಮಾಡಲು ಈಗ ಬರುವುದಿಲ್ಲ ಅನ್ನುವ ಅರ್ಥದ ಮಾತನ್ನು ಅವರೇ ಹೇಳಿದ್ದಾರೆ.

ಶಿಕಾಗೋಗೆ ಬಂದ ಹೊಸತರಲ್ಲಿ ಒಂದು ಶನಿವಾರ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಹೋದರು. ಹಳೆಯ ತಮಿಳಿನ ಒಂದು ಸಾದಾ ವ್ಯಾಕರಣ ಪುಸ್ತಕ ಸಿಗುತ್ತದೇನೋ ಅಂತ. ಸಿಕ್ಕಿದ್ದು ಬೇರೆ. ತಮಿಳು ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ ಸಂಗಂ, ಅಂದರೆ ಹಳೆಯ ತಮಿಳು ಕವಿತೆಗಳ ಸಂಕಲನ. ಮನೆಮಾತು ತಮಿಳು, ಮಧುರೈಯಲ್ಲಿ ಪಾಠ ಮಾಡಿದವರು. ಆದರೂ ಸುಮಾರು 2000 ವರ್ಷ ಹಳೆಯ ಆ ಪದ್ಯಗಳು ಅವರಿಗೆ ಸಿಕ್ಕಿದ್ದು ಶಿಕಾಗೋದ ನೆಲಮಾಳಿಗೆಯಲ್ಲಿ. ಅದರಿಂದ 1967ರಲ್ಲಿ ಅಕಂ ಅನ್ನುವ ಪ್ರೇಮದ ಪದ್ಯಗಳ ಇಂಗ್ಲಿಷ್ ಅನುವಾದ ಬಂತು, 1985ರಲ್ಲಿ ಇನ್ನೊಂದು ದೊಡ್ಡ ಸಂಪುಟ. ಹುಟ್ಟಿದ್ದರಿಂದಲೇ ನಮ್ಮ ಪರಂಪರೆ ನಮ್ಮದಾಗುವುದಿಲ್ಲ, ದುಡಿದು ಗಳಿಸಿಕೊಳ್ಳಬೇಕು ಅಂತ ಅವರು ಬರೆದದ್ದು ಈ ಸಂದರ್ಭದಲ್ಲೇ. ದೂರ ಹೋದರೆ ಕಳೆದುಕೊಳ್ಳುತ್ತೇವೆ ಅಂತ ಹೆದರಿಸುವ ನಿಮ್ಮ ಗೆಳತಿಯರಿಗೆ ಇದನ್ನು ಹೇಳಿ.

ಈಗ ನೀವು ಬೆಳೆದ ನೆಲಕ್ಕೆ ಬರುತ್ತೇನೆ. 1973ರಲ್ಲಿ ಪೆಂಗ್ವಿನ್ ಪ್ರಕಾಶನ ಅವರ ವಚನ ಅನುವಾದಗಳನ್ನು ತಂದಿತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ, ಈ ನಾಲ್ವರ ವಚನಗಳು. ಜಗತ್ತಿನ ಓದುಗರಿಗೆ ಕನ್ನಡದ ಹೆಸರು ಹೆಚ್ಚಾಗಿ ತಲುಪಿದ್ದು ಈ ಚಿಕ್ಕ ಪುಸ್ತಕದಿಂದ. ಅದರ ಹಿಂದೆ ನಮ್ಮ ಭಾಗದವರ ಬೆವರಿದೆ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸದಿದ್ದರೆ ವಚನಗಳು ಮಠಮನೆಗಳ ಗಂಟುಗಳಲ್ಲೇ ಉಳಿಯುತ್ತಿದ್ದವು. ಬಸವಣ್ಣನ ವಚನಗಳಿಗೆ ರಾಮಾನುಜನ್ ಆಧರಿಸಿದ್ದು ಶಿ.ಶಿ. ಬಸವನಾಳರ ಸಂಪಾದನೆಯನ್ನು. ಬಸವನಾಳರು ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಲಿಂಗರಾಜ ಕಾಲೇಜು ಅದೇ ಸಂಸ್ಥೆಯದು.

ಆ ಅನುವಾದದಲ್ಲಿ ಒಂದೇ ಒಂದು ವಚನ ನೋಡೋಣ. ನಿಮಗೆ ಬಾಯಿಪಾಠ ಇರುತ್ತದೆ.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಮೊದಲ ಎರಡು ಸಾಲಿನಲ್ಲಿ ಮಾಡುವುದು ಅನ್ನುವ ಕ್ರಿಯಾಪದ ಎರಡು ಸಲ ಬರುತ್ತದೆ. ಮೂರನೆಯ ಸಾಲಿಗೆ ಬಂದರೆ ಕ್ರಿಯಾಪದವೇ ಇಲ್ಲ. ಕಾಲೇ ಕಂಬ. ಅಷ್ಟೇ. ಉಳ್ಳವನು ಮಾಡುತ್ತಾನೆ, ಬಡವ ಆಗಿಯೇ ಇದ್ದಾನೆ. ಈ ವ್ಯತ್ಯಾಸವನ್ನು ರಾಮಾನುಜನ್ ತಮ್ಮ ಮುನ್ನುಡಿಯಲ್ಲಿ ಎತ್ತಿ ತೋರಿಸಿದ್ದಾರೆ. ಇಂಗ್ಲಿಷಿನಲ್ಲಿ ಹಾಗೆ ಕ್ರಿಯಾಪದ ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ಅವರು ಏನು ಮಾಡಿದರು ಅಂದರೆ, ಕಾಲು ಕಂಬ ಅನ್ನುವಲ್ಲಿ ಮಾತ್ರ ‘ಆರ್’ (are) ಅಂತ ಇಟ್ಟರು. ದೇಹ, ಶಿರ ಬಂದಾಗ ಅದನ್ನೂ ತೆಗೆದುಬಿಟ್ಟರು. ಒಂದು ಸಲ ಆಸರೆ ಕೊಟ್ಟು, ಮುಂದೆ ಕನ್ನಡದ ಹಾಗೆ ನಡೆಯಲು ಬಿಟ್ಟರು. ಕೊನೆಯ ಸಾಲಿನಲ್ಲಿ ಕನ್ನಡದಲ್ಲಿ ಅಳಿವು ಎರಡು ಸಲ ಇದೆ, ಉಂಟು ಮತ್ತು ಇಲ್ಲ. ಇಂಗ್ಲಿಷಿನಲ್ಲಿ ಅವರು ನಿಂತದ್ದು ಬೀಳುತ್ತದೆ, ಚಲಿಸುವುದು ಉಳಿಯುತ್ತದೆ ಅಂತ ಮಾಡಿಕೊಂಡರು. ಸ್ಥಾವರದ ಸ್ಥಾ ಮತ್ತು ಇಂಗ್ಲಿಷಿನ ಸ್ಟ್ಯಾಂಡ್, ಎರಡಕ್ಕೂ ಮೂಲ ಒಂದೇ. ಭಾಷಾವಿಜ್ಞಾನಿಯ ಕಿವಿ ಕವಿಯ ಕೈಗೆ ನೆರವಾದದ್ದು ಹೀಗೆ.

ಅಂಕಿತವನ್ನು ಅವರು ಹೊಳೆಗಳು ಕೂಡುವಲ್ಲಿಯ ಒಡೆಯ ಅನ್ನುವ ಅರ್ಥ ಬರುವ ಹಾಗೆ ಅನುವಾದಿಸಿದರು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ ನಿಮ್ಮ ಜಿಲ್ಲೆಯಲ್ಲೇ ಇದೆ. ನೋಡಿಯೇ ಇರುತ್ತೀರಿ. ಅಂಕಿತ ಒಂದು ಹೆಸರು, ಅದನ್ನು ಬಿಡಿಸಿ ಅರ್ಥ ಮಾಡಬಾರದು ಅನ್ನುವವರಿದ್ದಾರೆ. ನನಗೆ ಎರಡೂ ಬೇಕು ಅನಿಸುತ್ತದೆ, ಆದರೆ ಊರಿನ ಹೆಸರು ಹೋದದ್ದಕ್ಕೆ ಸ್ವಲ್ಪ ನೋವೂ ಇದೆ. ಅವರ ಅನುವಾದಗಳಿಗೆ ಗಟ್ಟಿಯಾದ ಟೀಕೆಯೂ ಬಂದಿದೆ. ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಪುಸ್ತಕದಲ್ಲಿ, ರಾಮಾನುಜನ್ ವಚನಗಳನ್ನು ಪಶ್ಚಿಮದ ಆಧುನಿಕ ಕವಿತೆಯ ಅಚ್ಚಿಗೆ ಒಗ್ಗಿಸಿದ್ದಾರೆ ಅನ್ನುವ ವಾದ ಮಾಡಿದ್ದಾರೆ. ಆ ಟೀಕೆಯನ್ನೂ ಓದಿ. ಹೊರಗೆ ಕೂತು ಒಳಗಿನದನ್ನು ಹೇಳುವವರಿಗೆ ಈ ಅಪಾಯ ಯಾವಾಗಲೂ ಇರುತ್ತದೆ. ನಾಳೆ ನಿಮಗೂ.

ಅವರ ಸ್ವಂತ ಕವಿತೆ ಏನಾಯಿತು? ಮೊದಲ ಇಂಗ್ಲಿಷ್ ಸಂಕಲನ ಬಂದದ್ದು 1966ರಲ್ಲಿ, ಅಮೆರಿಕಕ್ಕೆ ಹೋಗಿ 7 ವರ್ಷ ಆದ ಮೇಲೆ. ಅದರಲ್ಲಿ ಮಧುರೈಯ ವೈಗೈ ನದಿಯ ಮೇಲೆ ಒಂದು ಪದ್ಯವಿದೆ. ಕವಿಗಳೆಲ್ಲ ಪ್ರವಾಹದ ಸೊಬಗನ್ನೇ ಹಾಡಿದರು, ಹೊಳೆಯಲ್ಲಿ ಹೋದ ಬಸುರಿ ಹೆಂಗಸಿನ ಬಗ್ಗೆ ಯಾರೂ ಹೇಳಲಿಲ್ಲ ಅಂತ ತಣ್ಣಗೆ ಹೇಳುವ ಪದ್ಯ. ನಮ್ಮ ಹುಡುಗರಿಗೆ ಅದನ್ನು ಓದಿಸಿದಾಗ ತರಗತಿ ಸುಮ್ಮನಾಗುತ್ತಿತ್ತು. ಕೃಷ್ಣೆ, ಘಟಪ್ರಭೆ ಉಕ್ಕಿ ಬರುವುದನ್ನು ಕಂಡ ಹುಡುಗರು ಅವರು. ಮಧುರೈಯಲ್ಲಿ ಅವರು ಪಾಠ ಮಾಡಿದ್ದು 1950ರ ದಶಕದ ಆರಂಭದಲ್ಲಿ, ಪುಸ್ತಕ ಬಂದದ್ದು ಹತ್ತಾರು ವರ್ಷ ಆದ ಮೇಲೆ.

ಕನ್ನಡದ ಮೊದಲ ಕವನ ಸಂಕಲನ, ಹೊಕ್ಕುಳಲ್ಲಿ ಹೂವಿಲ್ಲ, 1969ರಲ್ಲಿ ಬಂತು. ಆಗ ಅವರಿಗೆ 40. ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. 1977ರಲ್ಲಿ ಮತ್ತು ಇತರ ಪದ್ಯಗಳು, 1978ರಲ್ಲಿ ಮತ್ತೊಬ್ಬನ ಆತ್ಮಚರಿತ್ರೆ ಅನ್ನುವ ಕಿರುಕಾದಂಬರಿ, 1990ರಲ್ಲಿ ಕುಂಟೋಬಿಲ್ಲೆ. ಹುಟ್ಟಿದ್ದು ಮೈಸೂರು, ಮನೆ ಶಿಕಾಗೋ, ಕನ್ನಡದ ಪುಸ್ತಕ ಬರುತ್ತಿದ್ದದ್ದು ನಮ್ಮ ಧಾರವಾಡದಿಂದ. ಇದು ಸುಮ್ನೆ ಆದದ್ದಲ್ಲ. ಇಲ್ಲಿದ್ದಾಗ ಕಟ್ಟಿಕೊಂಡ ಗೆಳೆತನಗಳನ್ನು ಅವರು ಬಿಡಲಿಲ್ಲ. ಊರಿಗೆ ಬರುತ್ತಿದ್ದರು, ಕಥೆ ಕೇಳುತ್ತಿದ್ದರು. 1976ರಲ್ಲಿ ಅನಂತಮೂರ್ತಿಯವರ ಸಂಸ್ಕಾರವನ್ನು ಇಂಗ್ಲಿಷಿಗೆ ತಂದದ್ದೂ ಅವರೇ.

ಆದ್ದರಿಂದ ಅವಸರ ಬೇಡ ಅನ್ನುತ್ತೇನೆ. ಪಿಎಚ್‌.ಡಿ.ಯ ಮೊದಲ ಎರಡು ಮೂರು ವರ್ಷ ನಿಮಗೆ ಕವಿತೆ ಬರೆಯಲು ಆಗದೇ ಇರಬಹುದು. ಆಗ ಎಲ್ಲ ಮುಗಿಯಿತು ಅಂತ ಅಳುತ್ತಾ ಕೂರಬೇಡಿ.

ಎಲ್ಲ ವಲಸೆ ಕವಿಗಳದೂ ಇದೇ ದಾರಿ ಅಂತ ತಿಳಿಯಬೇಡಿ. ಕಾಶ್ಮೀರದ ಆಘಾ ಶಾಹಿದ್ ಅಲಿ 1970ರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಪಿಎಚ್‌.ಡಿ. ಮಾಡಿ, ಕವಿತೆ ಬರೆಯುವುದನ್ನು ಕಲಿಸುವ ಪದವಿಯನ್ನೂ ಪಡೆದು, ಅದನ್ನೇ ಕಲಿಸಿದರು. ಉರ್ದುವಿನ ಗಜಲನ್ನು ಇಂಗ್ಲಿಷಿಗೆ ಒಗ್ಗಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ವಿಜಯ್ ಶೇಷಾದ್ರಿ 5 ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಹೋದವರು, 2014ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅವರಿಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ. ಅಲ್ಲಿದ್ದುಕೊಂಡೂ ಕನ್ನಡದಲ್ಲಿ ಕವಿಯಾಗಿ ಉಳಿಯಬೇಕು ಅನ್ನುವ ನಿಮ್ಮಂಥವರಿಗೆ ಹತ್ತಿರದವರು ರಾಮಾನುಜನ್ ಅವರೇ.

ಮಾನ ಸನ್ಮಾನಗಳ ಮಾತನ್ನು ಬೇಗ ಮುಗಿಸುತ್ತೇನೆ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಅಮೆರಿಕದ ಮೆಕಾರ್ಥರ್ ಫೆಲೋಶಿಪ್. 1993ರ ಜುಲೈ 13ರಂದು ಶಿಕಾಗೋದಲ್ಲಿ ತೀರಿಕೊಂಡರು, 64 ವರ್ಷಕ್ಕೆ. ಸಮಗ್ರ ಇಂಗ್ಲಿಷ್ ಕವಿತೆಗಳ ಸಂಪುಟ 1995ರಲ್ಲಿ ಬಂದು, 1999ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅವರ ರಾಮಾಯಣದ ಪ್ರಬಂಧವನ್ನು ಪಠ್ಯದಿಂದ ತೆಗೆದಾಗ ಎಷ್ಟೋ ಜನ ಮೊದಲ ಸಲ ಅವರ ಹೆಸರು ಕೇಳಿದರು. ಆ ಪ್ರಬಂಧದಲ್ಲಿ ವಾಲ್ಮೀಕಿ, ಕಂಬನ್ ಜೊತೆಗೆ ನಮ್ಮ ಕನ್ನಡದ ಜನಪದ ರಾಮಾಯಣವೂ ಸರಿಸಮನಾಗಿ ಕೂತಿದೆ. ಅದರಲ್ಲಿ ರಾವಣನೇ ಬಸುರಾಗುತ್ತಾನೆ, ಸೀನಿದಾಗ ಮಗಳು ಹುಟ್ಟುತ್ತಾಳೆ, ಸೀನಿ ಹುಟ್ಟಿದ್ದಕ್ಕೆ ಸೀತೆ. ಹಾಡುಗಾರರ ಬಾಯಲ್ಲಿದ್ದ ಇದನ್ನು ವಾಲ್ಮೀಕಿಯ ಪಕ್ಕದಲ್ಲಿ ಇಡಲು ಧೈರ್ಯ ಬೇಕು. ಜನರ ಬಾಯಿಮಾತಿಗೆ ಬೆಲೆ ಕೊಟ್ಟು ಅಭ್ಯಾಸ ಇದ್ದವರಿಗೆ ಮಾತ್ರ ಅದು ಬರುತ್ತದೆ.

ಇನ್ನು ನನ್ನ ಒಂದು ಮಾತು. ನಮ್ಮವ್ವನಿಗೆ ಬೀಸುವ ಪದ ಬರುತ್ತಿದ್ದವು. ಎಷ್ಟು ಅಂತ ಲೆಕ್ಕವಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ್ನು ಬರೆದುಕೊಳ್ಳಲು ಶುರು ಮಾಡಿದ್ದೆ. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ನನ್ನ ನೋಟ್‌ಬುಕ್ ನೋಡಿ, ಇಂಗ್ಲಿಷ್ ಮೇಷ್ಟ್ರಿಗೆ ಇದೆಲ್ಲ ಯಾಕ್ರೀ, ಪ್ರಮೋಶನ್‌ಗೆ ಬರ್ತದೇನು ಅಂದರು. ನಾನೂ ಹೌದಲ್ಲ ಅಂದುಕೊಂಡೆ. ನೋಟ್‌ಬುಕ್ ಮುಚ್ಚಿಟ್ಟೆ. ಅವ್ವ ಹೋಗಿ ಎಷ್ಟೋ ವರ್ಷ ಆಯಿತು. ಈಗ ನನ್ನ ಹತ್ತಿರ ಇರುವುದು 11 ಪದ, ಅದರಲ್ಲೂ ಎರಡು ಅರ್ಧಕ್ಕೇ ನಿಂತಿವೆ. ಅದೇ ಊರಿನಲ್ಲಿ, ನನಗಿಂತ ಎಷ್ಟೋ ವರ್ಷ ಮೊದಲು, ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು ಅದೇ ಕೆಲಸ ಮಾಡಿದ್ದರು ಅಂತ ನನಗೆ ಆಗ ಗೊತ್ತಿರಲಿಲ್ಲ.

ರಾಮಾನುಜನ್ ಕೂಡಿಸಿದ ಜನಪದ ಕಥೆಗಳಲ್ಲಿ ಕನ್ನಡದ ಒಂದು ಕಥೆ ಇದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗೆ ಸಿಕ್ಕಿಬಿದ್ದ ಅವಕ್ಕೆ ಉಸಿರು ಕಟ್ಟುತ್ತದೆ. ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬೀಳುತ್ತವೆ. ಕಥೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತುಹಾಕಿಕೊಳ್ಳುತ್ತದೆ. ಗಂಡ ಬಂದು ನೋಡಿ, ಯಾರದು ಇವು ಅಂತ ಕೇಳಿದರೆ ಅವಳಿಗೇ ಗೊತ್ತಿಲ್ಲ. ಜಗಳ ಮಾಡಿ ಅವನು ಹನುಮಪ್ಪನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳನ್ನು ಆರಿಸಿದ ಮೇಲೆ ಜ್ವಾಲೆಗಳೆಲ್ಲ ಆ ಗುಡಿಗೆ ಬಂದು ಕೂಡುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಉಳಿದವಕ್ಕೆ ಹೇಳುತ್ತದೆ. ಅವನು ಬೆಳಿಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುದು ಅಂತ ಕೇಳಿದರೆ, ಯಾವ ಕಥೆ, ಯಾವ ಹಾಡು ಅನ್ನುತ್ತಾಳೆ. ಮರೆತುಬಿಟ್ಟಿರುತ್ತಾಳೆ.

ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳಿಂದ ನಾಗಮಂಡಲ ಬರೆದರು. ಅವುಗಳಲ್ಲಿ ಇದೂ ಒಂದು. ಆ ನಾಟಕ ಬರೆಯುವಾಗ ಕಾರ್ನಾಡರು ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು, 1987-88ರಲ್ಲಿ. ನಮ್ಮ ಹೆಣ್ಣುಮಕ್ಕಳ ಬಾಯಿಯ ಕಥೆ ಅಲ್ಲಿಗೆ ಹೋಗಿ, ನಾಟಕವಾಗಿ ಇಲ್ಲಿಗೆ ಮರಳಿತು. ನಿಮ್ಮ ಗೆಳತಿಯರೂ ಅದನ್ನು ನೋಡಿರಬಹುದು.

ಇನ್ನು ಕೆಲಸದ ಮಾತು. ಇಂಗ್ಲಿಷ್ ಕಾದಂಬರಿಗಳಲ್ಲಿ ವಲಸೆ ಅನ್ನುವ ವಿಷಯವನ್ನು ಹತ್ತಾರು ದೇಶದ ಹುಡುಗರು ಮಾಡುತ್ತಾರೆ. ನಿಮಗೆ ಮಾತ್ರ ಗೊತ್ತಿರುವುದು ಅದರಲ್ಲಿ ಎಲ್ಲಿದೆ? ಜಮಖಂಡಿ, ಮುಧೋಳ ಕಡೆಯಿಂದ ದುಡಿಯಲು ಗೋವಾಕ್ಕೆ, ಸಾಂಗ್ಲಿಗೆ, ಪುಣೆಗೆ ಹೋಗಿ ಬರುವ ಕುಟುಂಬಗಳ ಹಾಡು, ಮಾತು, ಕಥೆಗಳಲ್ಲೂ ವಲಸೆ ಇದೆ ಅಲ್ವಾ? ಮೊದಲ ವರ್ಷ ಕೋರ್ಸುಗಳೇ ಜಾಸ್ತಿ ಇರುತ್ತವೆ, ವಿಷಯ ತಿದ್ದಿಕೊಳ್ಳಲು ಜಾಗ ಇರುತ್ತದೆ. ಕನ್ನಡವನ್ನು ಪ್ರಬಂಧದ ಒಳಗೆ ತನ್ನಿ. ಭಾನುವಾರದ ಹವ್ಯಾಸ ಅಂತ ಹೊರಗೆ ಇಟ್ಟರೆ ನಿಮ್ಮ ಗೆಳತಿಯರು ಹೇಳಿದ ಹಾಗೆಯೇ ಆಗುತ್ತದೆ. ವೀಸಾ, ಸ್ಟೈಪೆಂಡ್ ವಿಚಾರವನ್ನು ವಿಶ್ವವಿದ್ಯಾಲಯದ ಕಚೇರಿಗೇ ಬರೆದು ಕೇಳಿ, ಬಾಯಿಮಾತು ನಂಬಬೇಡಿ.

ನಿಮ್ಮ ಮನೆಯಲ್ಲಿ ಆಯಿ ಇದ್ದಾರಾ? ಇಲ್ಲದಿದ್ದರೆ ಅತ್ತೆ, ಸೋದರತ್ತೆ, ಓಣಿಯ ಯಾವುದಾದರೂ ಹಿರಿಯ ಹೆಣ್ಣುಮಗಳು? ಫೋನಿನಲ್ಲೇ ರೆಕಾರ್ಡ್ ಮಾಡಿ, ಒಳ್ಳೆ ಮೈಕ್ ಬರಲಿ ಅಂತ ಕಾಯಬೇಡಿ. ಮೊದಲು ಅವರ ಒಪ್ಪಿಗೆ ಕೇಳಿ. ಶುರುವಿನಲ್ಲಿ ಊರು, ತಾರೀಖು, ಹೇಳುವವರ ಹೆಸರು ನಿಮ್ಮ ಬಾಯಿಂದಲೇ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಕಿತ್ತೂರು, 1955 ಅಂತ ರಾಮಾನುಜನ್ ಬರೆದಿಟ್ಟಿದ್ದಕ್ಕೇ ನಾವು ಇವತ್ತು ಈ ಮಾತು ಆಡುತ್ತಿದ್ದೇವೆ. ಕಥೆಯ ನಡುವೆ ಬಾಯಿ ಹಾಕಬೇಡಿ. ತಪ್ಪು ಅನಿಸಿದರೂ ತಿದ್ದಬೇಡಿ. ಅವರು ರೊಟ್ಟಿ ಬಡಿಯುತ್ತಾ ಹೇಳಿದರೆ ಹಾಗೇ ಹೇಳಲಿ, ಬಡಿಯುವ ಸದ್ದೂ ಇರಲಿ. ಅದೇ ದಿನ ರಾತ್ರಿ ಅವರ ಮಾತಿನಲ್ಲೇ ಬರೆದಿಡಿ, ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಒಂದು ಪ್ರತಿ ಊರಿನಲ್ಲೂ ಬಿಟ್ಟು ಹೋಗಿ.

ಬೆಳಗಾವಿಯಿಂದ ಜಮಖಂಡಿಗೆ ಎಷ್ಟು ಹೊತ್ತಿನ ದಾರಿ ಅಂತ ನಿಮಗೇ ಗೊತ್ತು. ನೋಡವ್ವಾ, ಮುಂದಿನ ಶನಿವಾರ ಕಾಲೇಜು ಮುಗಿದ ಮೇಲೆ ಬಸ್ಸು ಹತ್ತಿ. ಫೋನು ಚಾರ್ಜ್ ಮಾಡಿಕೊಂಡು ಹೋಗಿ.